ನಿದ್ದೆಯ ಪಾಲು

ನಮ್ಮ ಮನೆಯಲ್ಲಿ ಮೊದಲು ಹುಳ ಮಲಗಬೇಕಿತ್ತು. ಆಮೇಲೆ ನಾವು.

ಶಿಡ್ಲಘಟ್ಟದ ಕಡೆಯ ಒಂದು ಕೇರಿ. ಒಂದೇ ಕೋಣೆ. ಸೊಪ್ಪು ಗೌಡರದು, ಮೈ ನಮ್ಮದು, ಗೂಡಿನ ದುಡ್ಡಲ್ಲಿ ಅರ್ಧ ಪಾಲು. ರೇಷ್ಮೆ ಹುಳ ಗೂಡು ಕಟ್ಟುವಷ್ಟರಲ್ಲಿ 4 ಸಲ ಪೊರೆ ಬಿಡುತ್ತೆ. ಅದಕ್ಕೆ ಜ್ವರ ಅಂತೀವಿ. ಜ್ವರಕ್ಕೆ ಕೂತ ಹುಳ ತಲೆ ಎತ್ತಿಕೊಂಡು ಹೆಚ್ಚುಕಮ್ಮಿ ಒಂದು ದಿನ ಅಲುಗಾಡದೆ ಇರುತ್ತೆ. ಆಗ ಸೊಪ್ಪು ಹಾಕುವಂಗಿಲ್ಲ, ತಟ್ಟೆ ಮುಟ್ಟುವಂಗಿಲ್ಲ. "ಸುಮ್ಕಿರ್ರೋ, ಹುಳ ಮಲಗೈತೆ" ಅಂತ ಅಮ್ಮ ಗದರುತ್ತಿದ್ದಳು. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ತಿನ್ನೋದೇ ತಿನ್ನೋದು. ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಆ ಒಂದು ವಾರಕ್ಕೇ ಬೇಕು. ನಡುರಾತ್ರಿ ಎದ್ದು ಸೊಪ್ಪು ಹಾಕಬೇಕು. ತಟ್ಟೆಗಳ ಕೆಳಗೆ ಮಲಗಿದ ನಮಗೆ ಹುಳ ಮೇಯುವ ಸದ್ದು ಮಳೆ ಹನಿದಂಗೆ ಕೇಳೋದು. ಹುಳದ ನಿದ್ದೆಗೆ ಇದ್ದ ಮರ್ಯಾದೆ ನಮ್ಮ ನಿದ್ದೆಗೆ ಇರಲಿಲ್ಲ.

ಬೇಸಿಗೆ ರಜೆ ಬಂದರೆ ಫಿಲೇಚರು. ಬೆಳಕು ಹರಿಯೋ ಮುಂಚೆ ಬಿಸಿನೀರಿನ ಮುಂದೆ ಕೂತು ಗೂಡಿನ ಎಳೆ ಹುಡುಕಬೇಕು. ತೂಕಡಿಸಿದರೆ ಬೆರಳು ಬೇಯೋದು. ಶಾಲೆಯಲ್ಲಿ ತೂಕಡಿಸಿದರೆ ಮೇಷ್ಟ್ರು, "ಕೇರಿ ಹೈಕಳಿಗೆ ಓದು ಹತ್ತಲ್ಲ" ಅನ್ನೋರು. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ತಾಸು ನಿದ್ದೆ ಬೇಕು ಅಂತಾರೆ ಈಗಿನ ನಿದ್ರಾವೈದ್ಯರು. ಆ ಲೆಕ್ಕ ಓದಿದಾಗ ನಮಗೆ ಮೊದಲು ನಗು ಬಂತು. ಆಮೇಲೆ ಸಿಟ್ಟು. ನಾವು ದಡ್ಡರಾಗಿರಲಿಲ್ಲ, ನಿದ್ದೆಗೆಟ್ಟಿದ್ದೆವು. ಹಳ್ಳಿ ಶಾಲೆಯ ಗೆಳೆಯರೆ, ಹಿಂದಿನ ಬೆಂಚಿನಲ್ಲಿ ತೂಕಡಿಸುವ ಹುಡುಗನನ್ನು ಹೊಡೆಯುವ ಮುಂಚೆ, ರಾತ್ರಿ ಎಲ್ಲಿದ್ದೆ ಅಂತ ಒಂದು ಮಾತು ಕೇಳಿ.

ಅಣ್ಣ ಗೌರಿಬಿದನೂರಿನ ಒಂದು ಕಾರ್ಖಾನೆ ಸೇರಿದ. ಒಂದು ವಾರ ಹಗಲು ಪಾಳಿ, ಇನ್ನೊಂದು ವಾರ ರಾತ್ರಿ. ಮೈಯೊಳಗಿನ ಗಡಿಯಾರ ಒಂದು ಪಾಳಿಗೆ ಒಗ್ಗುವಷ್ಟರಲ್ಲಿ ಇನ್ನೊಂದು ಬಂದಿರುತ್ತೆ. ಮಲಗೋಕೆ ಅಂತ ಕುಡಿಯೋದು ಕಲಿತ. ಕುಡಿದರೆ ಬೇಗ ಕಣ್ಣು ಮುಚ್ಚುತ್ತೆ ನಿಜ, ಅರ್ಧ ನಿದ್ದೆಗೇ ಎಚ್ಚರಾಗುತ್ತೆ. ಅದೇ ಊರಲ್ಲಿ ಭಾಭಾ ಅಣುಸಂಶೋಧನಾ ಕೇಂದ್ರದ ಭೂಕಂಪಮಾಪನ ಕೇಂದ್ರ ಇದೆ, 1965ರದ್ದು. ದೂರದೇಶದಲ್ಲಿ ನೆಲದೊಳಗೆ ಅಣುಬಾಂಬು ಸಿಡಿದರೂ ಅಲ್ಲಿ ಗೊತ್ತಾಗುತ್ತೆ. ನಮ್ಮಣ್ಣ ರಾತ್ರಿಯೆಲ್ಲ ಮಗ್ಗುಲು ಹೊರಳೋದು ಪಕ್ಕದ ಮನೆಗೂ ಗೊತ್ತಾಗಲಿಲ್ಲ. ಅವನಿಗೆ ಬೇಕಾಗಿದ್ದು ಬುದ್ಧಿಮಾತಲ್ಲ, ಒಂದೇ ಪಾಳಿ.

ಚಿಕ್ಕಮ್ಮನ ಕತೆ ಬೇರೆ. ಅವಳನ್ನು ಕೊಟ್ಟಿದ್ದು ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿಗೆ. 2000ದ ಮಾರ್ಚ್ 11ರಂದು ಅದೇ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ನಮ್ಮವರು 7 ಜನರನ್ನು ಮನೆಯೊಳಗೇ ಸುಟ್ಟರು. ಅವಳ ಊರು ಅದಲ್ಲ. ಆದರೂ ಅವತ್ತಿಂದ ಅವಳು ಬಾಗಿಲಿಗೆ ಬೆನ್ನು ಕೊಟ್ಟು ಕೂತೇ ಮಲಗಿದಳು. ಚಿಲಕ ಹತ್ತು ಸಲ ನೋಡೋಳು. ಕಣ್ಣು ಹತ್ತಿದರೆ ಅದೇ ಕನಸು, ಹೊಗೆ, ತೆಗೆಯದ ಬಾಗಿಲು. 2006ರಲ್ಲಿ ಕೋಲಾರದ ನ್ಯಾಯಾಲಯ ಆರೋಪಿಗಳನ್ನು ಬಿಟ್ಟಿತು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿದೆವು. ಔಷಧಿ ಅಂಗಡಿಯವನು ಚೀಟಿ ಕೇಳದೆ ನಿದ್ದೆ ಗುಳಿಗೆ ಕೊಟ್ಟ. ವರ್ಷಗಟ್ಟಲೆ ನುಂಗಿದಳು. ಒಂದು ರಾತ್ರಿ ಅಮಲಿನಲ್ಲಿ ಎದ್ದು ಬಿದ್ದು ಸೊಂಟ ನೋಯಿಸಿಕೊಂಡಳು.

ಆಗ ಚಿಕ್ಕಬಳ್ಳಾಪುರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಗುಳಿಗೆಯನ್ನು ಒಂದೇ ಸಲ ನಿಲ್ಲಿಸಬೇಡಿ ಅಂದರು, ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸಿದರು. ಜೊತೆಗೆ ಮಾತಿನ ಚಿಕಿತ್ಸೆ. ಇದು ಉಳ್ಳವರ ಕಾಯಿಲೆಗೆ ಉಳ್ಳವರ ಮದ್ದು ಅಂತ ನಾವು ಮೂಗು ಮುರಿದಿದ್ದೆವು. ತಪ್ಪು ನಮ್ಮದು. ಬಹುಕಾಲದ ನಿದ್ದೆಗೇಡಿಗೆ ಮೊದಲು ಕೊಡಬೇಕಾದ್ದು ಗುಳಿಗೆಯಲ್ಲ, ಈ ಚಿಕಿತ್ಸೆ ಅಂತ ಅಮೆರಿಕದ ವೈದ್ಯರ ಸಂಘವೊಂದು 2016ರಲ್ಲೇ ಹೇಳಿತ್ತು.

ಮಾತಾಡಿದ್ದು ಒಬ್ಬ ಚಿಕ್ಕ ವಯಸ್ಸಿನ ಹೆಣ್ಣುಮಗಳು. "ನಿದ್ದೆ ಬರದಿದ್ರೆ ಹಾಸಿಗೆ ಮೇಲೆ ಹೊರಳಾಡಬೇಡಿ ಅಮ್ಮ, ಎದ್ದು ಬೇರೆ ರೂಮಿಗೆ ಹೋಗಿ ಕೂತ್ಕೊಳಿ" ಅಂದಳು.

"ಬೇರೆ ರೂಮು ಎಲ್ಲೈತೆ ತಾಯಿ?"

ಆ ಹುಡುಗಿ ನಾಚಿದಳು. ಆಮೇಲೆ ಮನೆ ಹೆಂಗಿದೆ, ಯಾರ್ಯಾರು ಎಲ್ಲಿ ಮಲಗ್ತೀರಿ ಅಂತ ಅರ್ಧ ತಾಸು ಕೇಳಿದಳು. ಜಗುಲಿ ಗೊತ್ತಾಯಿತು. ಎಂಟಕ್ಕೇ ಮಲಗಿ ಐದಕ್ಕೆ ಏಳುವ ಚಿಕ್ಕಮ್ಮನಿಗೆ ಅದರಲ್ಲಿ ನಿದ್ದೆ ಬರೋದು ಐದು ತಾಸು. ಹನ್ನೊಂದೂವರೆವರೆಗೆ ಮಲಗಲೇಬೇಡಿ, ಏಳೋದು ಮಾತ್ರ ದಿನಾ ಐದಕ್ಕೇ ಅಂದಳು. ನಿದ್ದೆ ಗಟ್ಟಿಯಾದಂಗೆ ಕಾಲು ತಾಸು, ಕಾಲು ತಾಸು ಹೆಚ್ಚಿಸಿದಳು. ಮೊದಲ ಎರಡು ವಾರ ಚಿಕ್ಕಮ್ಮ ನಮ್ಮನ್ನು ಬೈದಿದ್ದು ಅಷ್ಟಿಷ್ಟಲ್ಲ.

ಕನಸಿಗೂ ಒಂದು ದಾರಿ ಇತ್ತು. ಹಗಲಲ್ಲಿ ಕೂತು ಕೆಟ್ಟ ಕನಸಿನ ಕೊನೆಯನ್ನು ನಮಗೆ ಬೇಕಾದಂಗೆ ಬದಲಾಯಿಸಿ, ದಿನಾ ಅದನ್ನೇ ಮನಸ್ಸಿಗೆ ತಂದುಕೊಳ್ಳೋದು. ಚಿಕ್ಕಮ್ಮ ಕೇಳಿದಳು: "ಕನಸಿನ ಕೊನೆ ಬದಲಾಯಿಸಬಹುದು ತಾಯಿ. ಕೋರ್ಟಿಂದು?" ಆ ಹುಡುಗಿ ಉತ್ತರ ಕೊಡಲಿಲ್ಲ. ಅದೇ ನಮಗೆ ಹಿಡಿಸಿತು. ಮದ್ದಿಗೆ ಎಟುಕದ್ದನ್ನು ಎಟುಕುತ್ತೆ ಅಂತ ಅವಳು ಸುಳ್ಳು ಹೇಳಲಿಲ್ಲ.

ಆಸ್ಪತ್ರೆ ದೂರ ಅನ್ನುವವರಿಗೆ 2022ರಲ್ಲಿ ಶುರುವಾದ ಟೆಲಿ ಮಾನಸ್ ಇದೆ. 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಕೇರಿಯಲ್ಲಿ ಯಾರಾದರೂ ಈ ನಂಬರು ಗೋಡೆ ಮೇಲೆ ಬರೆಯಲಿ.

ಚಿಕ್ಕಮ್ಮ ತಾನೇ ಕಟ್ಟಿಕೊಂಡ ಕೊನೆ ಹಿಂಗಿದೆ. ಬಾಗಿಲು ತೆಗೀತೈತೆ. ಎಲ್ರೂ ಈಚೆಗೆ ಬರ್ತಾರೆ. ಬಾವಿ ಹತ್ರ ನಿಂತು ಯಾರೋ ಒಬ್ಬೊಬ್ಬರ ಹೆಸರೂ ಕೂಗ್ತಾರೆ. ಏಳು ಜನಾನೂ "ಓ" ಅಂತಾರೆ.

ಈಗ ವಾರದಲ್ಲಿ ನಾಲ್ಕೈದು ರಾತ್ರಿ ಅಡ್ಡ ಮಲಗಿ ನಿದ್ದೆ ಮಾಡುತ್ತಾಳೆ. ಚಿಲಕ ಎರಡು ಸಲ ನೋಡುತ್ತಾಳೆ.