ಒಂದೇ ತಂತಿಯ ಹುಚ್ಚು

ನವಲಗುಂದದ ಎರೆಹೊಲಕ್ಕೂ ಸಮುದ್ರಕ್ಕೂ ಏನು ಸಂಬಂಧ? ಏನೂ ಇಲ್ಲ. ಆದರೂ ಕಡಲ ತೆರೆಯ ಸಂಗೀತದ ಹುಚ್ಚು ನನಗೆ ಹಿಡಿದದ್ದು ಅಲ್ಲೇ, ಟೂರಿಂಗ್ ಟಾಕೀಸಿನ ನೆಲದ ಮೇಲೆ ಕೂತಾಗ!

ಚಿತ್ರ ‘ಗುಮ್ನಾಮ್’. ತೆರೆಕಂಡದ್ದು 1965ರಲ್ಲಿ; ನಮ್ಮ ಟೆಂಟಿಗೆ ಬರುವಷ್ಟರಲ್ಲಿ ರೀಲಿನ ತುಂಬ ಗೀರು. ರಫಿಯ ದನಿ, ಶಂಕರ್-ಜೈಕಿಶನ್ ಸಂಗೀತ, ಕಣ್ಣಿಗೆ ಮುಖವಾಡ ಕಟ್ಟಿಕೊಂಡು ಲಕ್ಷ್ಮೀ ಛಾಯಾ ಕುಣಿತ. ಎಲ್ಲರೂ ಅವಳನ್ನು ನೋಡಿದರು. ನಾನು ನೋಡಿದ್ದು ಟೆಡ್ ಲಿಯಾನ್ಸ್ ತಂಡದವರ ಕೈಯಲ್ಲಿದ್ದ ಗಿಟಾರನ್ನು.

ಮರುವರ್ಷ ಮುಂಗಾರಿಗೆ ಅಪ್ಪ ಬೀಜ ತರಲು ಹುಬ್ಬಳ್ಳಿಗೆ ಕಳಿಸಿದ. ನಾನು ತಂದದ್ದು ಹಳೆಯ ಗಿಟಾರು!

‘ಬೀಜ ಎಲ್ಲಿ ಅದಾವೊ ತಮ್ಮಾ?’

ನಾನು ಬಾಯಿ ಬಿಡಲಿಲ್ಲ. ಅಪ್ಪ ಹೊಡೆಯಲೂ ಇಲ್ಲ. ಅವ್ವನ ಬಿಲ್ವಾರ ಒತ್ತೆ ಇಟ್ಟು ಬೀಜ ತಂದ. ನನ್ನ ಗಿಟಾರಿಗೋ ಕರೆಂಟಿನ ಬಲವಿಲ್ಲ, ಬರೀ ಟಣ್ ಟಣ್. ಸಿನಿಮಾದ ಆ ನಡುಕ ಬರಲೇ ಇಲ್ಲ. ಒಂದು ರಾತ್ರಿ ಏಕತಾರಿ ಹಿಡಿದು ತತ್ವಪದ ಹಾಡುತ್ತಿದ್ದ ಅಪ್ಪ, ನಿಲ್ಲಿಸಿ ಅಂದ: ‘ಮೊದಲ ಒಂದ ತಂತೀನರ ನೆಟ್ಟಗ ಬಾರಸಪಾ. ಉಳದ ಐದು ಆಮ್ಯಾಲೆ.’

ನನಗೆ ಸಿಟ್ಟು ಬಂತು. ಗಿಟಾರು ಗೋಡೆ ಸೇರಿತು. ಬಿಲ್ವಾರ ಬಿಡಿಸಿದ್ದು ಎಷ್ಟೋ ವರ್ಷದ ಮೇಲೆ, ನನ್ನ ಪಗಾರದಿಂದ.

1994ರ ‘ಪಲ್ಪ್ ಫಿಕ್ಷನ್’ ಚಿತ್ರ ನೋಡಿದವರಿಗೆ ಶುರುವಿನಲ್ಲಿ ಮೊಳಗುವ ಗಿಟಾರು ನೆನಪಿರಬೇಕು. ಅದು ಡಿಕ್ ಡೇಲ್ 1962ರಲ್ಲಿ ಬಾರಿಸಿದ ‘ಮಿಸಿರ್ಲೂ’. ಕ್ಯಾಲಿಫೋರ್ನಿಯಾದಲ್ಲಿ ತೆರೆಯ ಮೇಲೆ ಹಲಗೆ ಹತ್ತಿ ಜಾರುವ ಹುಡುಗರು ಕುಣಿದದ್ದು ಅವನ ಸಂಗೀತಕ್ಕೆ. ಅದಕ್ಕೇ ‘ಸರ್ಫ್’ ಅಂತ ಹೆಸರು. ಹೆಚ್ಚಿನವುಗಳಲ್ಲಿ ಗಾಯಕನೇ ಇಲ್ಲ, ಗಿಟಾರೇ ಹೀರೋ. ಇಂಥ ತಂಡಗಳು ಗಿಟಾರಿನ ದನಿಯನ್ನು ಪೆಟ್ಟಿಗೆಯೊಳಗಿನ ಸ್ಪ್ರಿಂಗುಗಳ ಮೂಲಕ ಹಾಯಿಸುತ್ತಿದ್ದವು. ಆಗ ಅದು ಬಾವಿಯೊಳಗಿಂದ ಬಂದಂತೆ ಗುಂಯ್‌ಗುಡುತ್ತಿತ್ತು. ನನ್ನ ಗಿಟಾರಿಗೆ ಇಲ್ಲದ್ದು ಇದೇ!

ಆದರೆ ನನ್ನನ್ನು ತಣ್ಣಗಾಗಿಸಿದ ಸಂಗತಿ ಬೇರೆ. ಡೇಲ್‌ನ ತಂದೆಯ ಕಡೆಯವರು ಲೆಬನಾನಿನವರು. ‘ಮಿಸಿರ್ಲೂ’ ಕೂಡ ಆ ಕಡೆಯ ಹಳೆಯ ಧಾಟಿ. ಅದರ ಆ ಓಟವನ್ನು ಅವನು ಬಾರಿಸಿದ್ದು ದಪ್ಪನೆಯ ಒಂದೇ ತಂತಿಯ ಮೇಲೆ. ಒಂದೇ!

ಇದು ತಿಳಿಯುವ ಹೊತ್ತಿಗೆ ಅಪ್ಪ ಇರಲಿಲ್ಲ. ಗೋಡೆಯ ಮೇಲೆ ಏಕತಾರಿಯಿತ್ತು, ಪಕ್ಕದಲ್ಲಿ ಗಿಟಾರು. ಆ ದಿನ ಗಿಟಾರನ್ನು ಇಳಿಸಿ, ಧೂಳು ಒರೆಸಿ, ದಪ್ಪ ತಂತಿಯೊಂದನ್ನೇ ಮೀಟುತ್ತ ಕೂತೆ. ನೆಟ್ಟಗೆ ಬರಲಿಲ್ಲ ಅನ್ನಿ. ದಿನಾ ಕೂಡುತ್ತೇನೆ.