ಅಜ್ಜನ ದಮ್ಮು, ಫೋನಿನ ಡಾಕ್ಟ್ರು

ನಮ್ಮ ಶಾಲೆ ಇರುವುದು ಗುಡ್ಡೆಯ ಮೇಲೆ. ಮಳೆಗಾಲದಲ್ಲಿ ಗಾಳಿಯ ಕಾಟ ಜಾಸ್ತಿ. ಆದರೆ ಒಂದು ಲಾಭ ಉಂಟು, ಮೊಬೈಲಿಗೆ ರೇಂಜು ಸಿಗುತ್ತದೆ. 2020ರ ಜೂನಿನಲ್ಲಿ ಆನ್‌ಲೈನ್ ಕ್ಲಾಸು ಶುರುವಾದ ಮೇಲೆ ಕೆಳಗಿನ ಮನೆಗಳ ಮಕ್ಕಳು ಫೋನು ಹಿಡಿದುಕೊಂಡು ಶಾಲೆಯ ಜಗಲಿಗೇ ಬರುತ್ತಿದ್ದರು. ನಾವು ಮಾಷ್ಟ್ರು, ಟೀಚರುಗಳು ಪುಸ್ತಕ, ಅಕ್ಕಿಯ ಕಿಟ್ ಹಂಚಲು ಹೋಗುತ್ತಿದ್ದೆವು.

ಒಂದು ದಿನ ಏಳನೇ ಕ್ಲಾಸಿನ ಹುಡುಗಿಯ ಜೊತೆ ಅವಳ ಅಜ್ಜನೂ ಬಂದರು. ದಾರಿಯಲ್ಲಿ ನಾಲ್ಕು ಕಡೆ ಕೂತು ಬಂದರಂತೆ. ಅವರಿಗೆ ಹಳೇ ದಮ್ಮು. ಡಾಕ್ಟ್ರುಗಳು ಸಿಒಪಿಡಿ ಎನ್ನುತ್ತಾರೆ. ಶ್ವಾಸನಾಳ ಕಿರಿದಾಗಿ, ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬಾರದ ಕಾಯಿಲೆ ಅದು. ಪೂರ್ತಿ ಗುಣವಾಗುವುದಿಲ್ಲ, ಹತೋಟಿಯಲ್ಲಿ ಇಡಬಹುದು. ಬೀಡಿ, ಸಿಗರೇಟು ಮುಖ್ಯ ಕಾರಣ. ಬೀಡಿ ಮುಟ್ಟದ ಅಜ್ಜಿಯಂದಿರಿಗೂ ಒಲೆಯ ಹೊಗೆಯಿಂದ ಬರುತ್ತದೆ.

ಕಾಸರಗೋಡಿನ ನಮಗೆ ಕಾಯಿಲೆ ಎಂದರೆ ಮಂಗಳೂರು. ಅಲ್ಲಿಯ ಡಾಕ್ಟ್ರಿಗೆ ನಮ್ಮ ಭಾಷೆ ಗೊತ್ತು. ಆದರೆ 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿದರು. ಅಜ್ಜನ ಮದ್ದು ಮುಗಿಯಿತು. ಅಷ್ಟರಲ್ಲಿ ಕೇರಳದಲ್ಲಿ ಇ-ಸಂಜೀವನಿ ಶುರುವಾಯಿತು. ಮನೆಯಲ್ಲೇ ಕೂತು ಫೋನಿನಲ್ಲಿ ಡಾಕ್ಟ್ರನ್ನು ಕಾಣಬಹುದು, ದುಡ್ಡಿಲ್ಲ. ಕ್ಲಾಸಿನ ವಾಟ್ಸಾಪಿನಲ್ಲಿ ಅದನ್ನು ಹಾಕಿದ್ದು ನಾವೇ.

"ಎದೆಗೆ ಕುಳವೆ ಇಡದ ಡಾಕ್ಟ್ರು ಎಂತ ಡಾಕ್ಟ್ರು ಮಾಷ್ಟ್ರೇ?" ಎಂದು ಅಜ್ಜ ನಕ್ಕರು. ಆದರೂ ಪುಳ್ಳಿಯ ಒತ್ತಾಯಕ್ಕೆ ಕೂತರು.

ಡಾಕ್ಟ್ರಿಗೆ ಕನ್ನಡ ಬಾರದು, ಅಜ್ಜನಿಗೆ ಮಲಯಾಳ ಅರ್ಧಂಬರ್ಧ. ನಡುವೆ ಹುಡುಗಿ. ಡಾಕ್ಟ್ರು "ವಲಿವುಂಡೋ?" ಎಂದು ಕೇಳಿದರು. ಹುಡುಗಿ ತಿರುಗಿ, "ಅಜ್ಜ, ಬೀಡಿ ಎಳೀತೀರಾ?" ಎಂದಳು. ಅಜ್ಜ ಗಟ್ಟಿಯಾಗಿ ತಲೆಯಾಡಿಸಿ "ಇಲ್ಲ ಇಲ್ಲ" ಎಂದರು. ಹುಡುಗಿ "ಇಲ್ಲ" ಎಂದಳು. ಮಾತು ಮುಗಿಯಿತು, ಕೆಮ್ಮಿನ ಮದ್ದಿನ ಚೀಟಿ ಬಂತು.

ಒಳಗೆ ಕಿಟ್ ಕಟ್ಟುತ್ತಿದ್ದ, ಮಲಯಾಳ ಚೆನ್ನಾಗಿ ಬಲ್ಲ ನಮ್ಮ ಟೀಚರಿಗೆ ಇದು ಕೇಳಿಸಿತ್ತು. ಓಡಿ ಬಂದರು. ಮಲಯಾಳದಲ್ಲಿ ವಲಿ ಎಂದರೆ ಎಳೆತ. ಬೀಡಿ ಎಳೆಯುವುದೂ ವಲಿಯೇ, ಉಸಿರು ಎಳೆಯುವ ದಮ್ಮೂ ವಲಿವೇ. ಡಾಕ್ಟ್ರು ಕೇಳಿದ್ದು ದಮ್ಮು ಉಂಟೋ ಎಂದು. ಉಸಿರು ಸುಂಯ್ ಎನ್ನುತ್ತಿದ್ದ ಮನುಷ್ಯನ ಬಾಯಿಯಿಂದಲೇ ದಮ್ಮಿಲ್ಲ ಎಂದು ಹೇಳಿಸಿ ಆಗಿತ್ತು!

ಪುನಃ ಟೋಕನ್ ತೆಗೆದು ಕಾದೆವು. ಈ ಸಲ ಟೀಚರೇ ಕೂತರು. ಅಜ್ಜ ಹುಡುಗಿಯನ್ನು ನೀರು ತರಲು ಕಳಿಸಿದರು. ಅವಳು ಆಚೆ ಹೋದದ್ದೇ ತಡ, ಮೆಲ್ಲನೆ ಹೇಳಿದರು: "ಬೀಡಿ ಎಳೀತೇನೆ ಟೀಚರೇ. ದಿನಕ್ಕೆ ಒಂದು ಕಟ್ಟು. ಪುಳ್ಳಿಯ ಎದುರು ಹೇಗೆ ಹೇಳುವುದು? ಶಾಲೆಯಲ್ಲಿ ಪ್ರತಿಜ್ಞೆ ಮಾಡಿಸಿದ್ದೀರಲ್ಲ, ಮನೆಯಲ್ಲಿ ಯಾರನ್ನೂ ಎಳೆಯಲು ಬಿಡುವುದಿಲ್ಲ ಅಂತ."

ನಮಗೆ ಮಾತು ಹೊರಡಲಿಲ್ಲ. ಪ್ರತಿಜ್ಞೆ ಮಾಡಿಸಿದ್ದು ಒಳ್ಳೆಯದಕ್ಕೇ. ಆದರೆ ಅದೇ ಪ್ರತಿಜ್ಞೆ ಅಜ್ಜನ ಬಾಯಿ ಕಟ್ಟಿತ್ತು.

ಎರಡನೆಯ ಡಾಕ್ಟ್ರು ಒಂದು ವಾಕ್ಯ ಪೂರ್ತಿ ಹೇಳಿ ಎಂದರು. ಅಜ್ಜ ನಡುವೆ ಎರಡು ಸಲ ನಿಂತರು. "ಇವರನ್ನು ಫೋನಿನಲ್ಲಿ ನೋಡಿದರೆ ಸಾಲದು, ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ" ಎಂದರು. ಜೀಪು ಮಾಡಿ ಕಳಿಸಿದೆವು. ಎರಡು ದಿನ ಅಡ್ಮಿಟ್ ಆಗಿ ಬಂದರು.

ಆಮೇಲೆ ಊರಿನ ಕುಟುಂಬ ಆರೋಗ್ಯ ಕೇಂದ್ರದ ಶ್ವಾಸ್ ಕ್ಲಿನಿಕ್ಕಿಗೆ ಹೋಗತೊಡಗಿದರು. ದಮ್ಮಿನವರಿಗೆಂದೇ ಇರುವ ಕ್ಲಿನಿಕ್ ಅದು. ಅಲ್ಲಿ ನರ್ಸಮ್ಮ ಒಂದು ನಳಿಗೆ ಊದಿಸಿ ನೋಡುತ್ತಾರೆ. ಅಜ್ಜ ಇಷ್ಟು ವರ್ಷ ಇನ್‌ಹೇಲರನ್ನು ತಪ್ಪಾಗಿ ಉಪಯೋಗಿಸುತ್ತಿದ್ದರು ಎಂದು ಗೊತ್ತಾದದ್ದೂ ಅಲ್ಲೇ. ಮೊದಲು ಚೆನ್ನಾಗಿ ಅಲುಗಾಡಿಸಬೇಕು, ಉಸಿರು ಹೊರಬಿಡಬೇಕು. ಆಮೇಲೆ ಬಾಯಲ್ಲಿಟ್ಟು ಒತ್ತುತ್ತಾ ನಿಧಾನ ಒಳಗೆಳೆದು ಹತ್ತು ಎಣಿಸುವಷ್ಟು ಹೊತ್ತು ಹಿಡಿಯಬೇಕು. ಅಜ್ಜ ಗಂಟಲಿಗೆ ಸ್ಪ್ರೇ ಹೊಡೆದ ಹಾಗೆ ಹೊಡೆದು ಸುಮ್ಮನಿರುತ್ತಿದ್ದರು.

ಇನ್ನೊಂದು ಸಂಗತಿ ಹೇಳಲೇಬೇಕು. ಆರೋಗ್ಯ ಕೇಂದ್ರದಲ್ಲಿ ಅದೇ ನರ್ಸಮ್ಮ ಪಕ್ಕದಲ್ಲಿ ಕೂತು ದೂರದ ಡಾಕ್ಟ್ರಿಗೆ ಫೋನಿನಲ್ಲಿ ತೋರಿಸಿದಾಗ ಅಜ್ಜ ಒಂದು ಮಾತೂ ಆಡಲಿಲ್ಲ. "ಈಗ ಸರಿ. ಕುಳವೆ ಇವರು ಇಟ್ಟರು, ಮದ್ದು ಅವರು ಹೇಳಿದರು" ಎಂದರು. ಆಗ ನಮಗೂ ಅರ್ಥವಾಯಿತು. ಹಳ್ಳಿಯವರಿಗೆ ಫೋನಿನ ಮೇಲೆ ಸಿಟ್ಟಿಲ್ಲ. ನಾಡಿ ಮುಟ್ಟುವ ಒಂದು ಕೈ, ಮಾತು ತಿಳಿಯುವ ಒಂದು ಕಿವಿ ಹತ್ತಿರ ಇದ್ದರೆ ಸಾಕು, ಉಳಿದದ್ದು ಫೋನಿನಲ್ಲಾದರೂ ಆದೀತು. ಗುಡ್ಡೆ ಹತ್ತಲಾಗದವರಿಗೆ ತಿಂಗಳ ತಪಾಸಣೆಗೆ ಇದು ದೊಡ್ಡ ಉಪಕಾರವೇ. ಆದರೆ ಮಾತಾಡಲಾಗದಷ್ಟು ಉಬ್ಬಸ ಬಂದರೆ, ತುಟಿ ನೀಲಿಯಾದರೆ, ಮಂಪರು ಕವಿದರೆ ಫೋನು ಹಿಡಿದು ಕೂರಬಾರದು. ನೇರ ಆಸ್ಪತ್ರೆ.

ಆಮೇಲೆ ನಾವೊಂದು ಚೀಟಿ ಮಾಡಿ ಮಕ್ಕಳ ಕೈಯಲ್ಲಿ ಮನೆಗಳಿಗೆ ಕೊಟ್ಟೆವು. ಶ್ವಾಸಂ ಮುಟ್ಟಲ್ ಎಂದರೆ ಉಸಿರು ಕಟ್ಟುವುದು. ವಲಿವ್ ಎಂದರೆ ದಮ್ಮು. ಪುಕವಲಿ ಎಂದರೆ ಬೀಡಿ ಎಳೆಯುವುದು. ನೆಂಜ್ ಎಂದರೆ ಎದೆ, ನಮ್ಮ ನಂಜು ಅಲ್ಲ! ಕೆಳಗೆ ಒಂದು ಸಾಲು: ಡಾಕ್ಟ್ರ ಹತ್ತಿರ ಮಾತಾಡುವಾಗ ಸಣ್ಣ ಮಕ್ಕಳನ್ನು ನಡುವೆ ಕೂರಿಸಬೇಡಿ.

ಗಡಿ ಎಂದೋ ತೆರೆದಿದೆ. ಅಜ್ಜ ಮಂಗಳೂರಿಗೂ ಹೋಗುತ್ತಾರೆ, ಇಲ್ಲಿಯ ಕ್ಲಿನಿಕ್ಕಿಗೂ ಹೋಗುತ್ತಾರೆ. ಬೀಡಿ ಬಿಟ್ಟರೇ ಎಂದು ಕೇಳುತ್ತೀರಾ? ಬಿಟ್ಟರು. ಪುಳ್ಳಿಗೆ ನಿಜ ಹೇಳಿದ ಮೇಲೆಯೇ ಬಿಡಲಿಕ್ಕೆ ಆದದ್ದು ಎನ್ನುತ್ತಾರೆ. ಪ್ರತಿಜ್ಞೆಯನ್ನು ನಾವು ಈಗಲೂ ಮಾಡಿಸುತ್ತೇವೆ. ಕೊನೆಗೆ ಒಂದು ಮಾತು ಸೇರಿಸುತ್ತೇವೆ: ಎಳೆಯುವವರ ಮೇಲೆ ಸಿಟ್ಟು ಮಾಡಬೇಡಿ ಮಕ್ಕಳೇ, ಅವರು ನಿಮ್ಮ ಹತ್ತಿರ ನಿಜ ಹೇಳುವ ಹಾಗಿರಿ.