ತರಗೆಲೆಯ ಹೊಗೆ

ಶಿವರಾತ್ರಿ ಕಳೆಯಿತೆಂದರೆ ಚಾಮುಂಡಿ ಬೆಟ್ಟದ ತಪ್ಪಲಿನ ನಮ್ಮ ಬಡಾವಣೆಗೆ ಎಲೆಯ ಮಳೆ ಹಿಡಿಯುತ್ತದೆ. ಹೊಂಗೆ ಮುಗಿಯಿತೆನ್ನುವಷ್ಟರಲ್ಲಿ ಬಾದಾಮಿ, ಅದರ ಹಿಂದೆ ಅರಳಿ. ಪೊರಕೆಗೆ ಬಿಡುವೇ ಇಲ್ಲ. ಗುಡಿಸಿ ಗುಡ್ಡೆ ಹಾಕಿದ ಮೇಲೆ ಕಡ್ಡಿ ಗೀರುವುದು ನಮ್ಮವರಿಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ಸಂಕ್ರಾಂತಿಗೆ ದನಗಳನ್ನು ಕಿಚ್ಚು ಹಾಯಿಸುವ, ಹುಣ್ಣಿಮೆಗೆ ಕಾಮನನ್ನು ಸುಡುವ ಸೀಮೆಯವರು ನಾವು.

ನಮ್ಮಮ್ಮನಿಗೆ ತರಗೆಲೆಯ ಹೊಗೆಯ ವಾಸನೆಯೆಂದರೆ ಪ್ರಾಣ. ಉಬ್ಬಸವೂ ಇದೆ. ಪಕ್ಕದ ಮನೆಯ ರಾಯರು ಸಂಜೆ ಗುಡ್ಡೆಗೆ ಬೆಂಕಿಯಿಟ್ಟರೆ, “ನಮ್ಮೂರಿನ ಹಿತ್ತಲೇ ಬಂದ ಹಾಗಿದೆಯಲ್ಲೋ” ಎನ್ನುತ್ತಿದ್ದಳು. ಹತ್ತು ನಿಮಿಷಕ್ಕೆ ಗೂರಲು ಹತ್ತಿ ದಿಂಬಿಗೊರಗಿ ಕೂರುತ್ತಿದ್ದಳು. ರಾತ್ರಿಯೆಲ್ಲ ನಾನು ಅವಳ ಉಸಿರು ಕೇಳುತ್ತ ಎಚ್ಚರವಾಗಿರುತ್ತಿದ್ದೆ.

ಕಾನೂನು ಯಾರ ಪರ ಎಂಬುದರಲ್ಲಿ ಸಂದೇಹವಿಲ್ಲ. ಕಸವನ್ನು ಬೀದಿಯಲ್ಲಿ ಸುಡಬಾರದು, ತೋಟದ ಕಸವನ್ನು ಮನೆಯ ಆವರಣದಲ್ಲೇ ಬೇರೆಯಾಗಿಡಬೇಕು ಎಂದು 2016ರ ಘನತ್ಯಾಜ್ಯ ನಿಯಮಗಳು ವಿಧಿಸಿದವು. ಆ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಬಯಲಲ್ಲಿ ಕಸ ಸುಟ್ಟವರಿಗೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟವರಿಗೆ 25,000 ರೂಪಾಯಿ ದಂಡ ಗೊತ್ತುಮಾಡಿತು. ದೇಶದ ಸ್ವಚ್ಛ ನಗರಗಳಲ್ಲಿ ಮೈಸೂರು ಮೊದಲೆಂದು ಹೆಸರಾದದ್ದೂ ಆ ವರ್ಷವೇ.

ಇದನ್ನೆಲ್ಲ ಕೇಳಿದ ರಾಯರು ಬೆಟ್ಟದತ್ತ ಕೈ ತೋರಿಸಿದರು. “ಅರಣ್ಯ ಇಲಾಖೆಯವರು ಬೇಸಗೆಗೆ ಮುಂಚೆ ಹುಲ್ಲು ಸುಟ್ಟು ಬೆಂಕಿರೇಖೆ ಮಾಡುವುದಿಲ್ಲವೆ, ಮೇಷ್ಟ್ರೆ?”

ಪ್ರಶ್ನೆಯೇನೋ ಸೊಗಸಾಗಿತ್ತು. ಆದರೆ ಅವರದು ಕಾಡಿನ ಬೆಂಕಿ ದಾಟದಿರಲೆಂದು ಕಾವಲಿಟ್ಟು ಸುಡುವ ಪಟ್ಟಿ. ನಮ್ಮದು ಹೊತ್ತಿಸಿ ಕಾಫಿಗೆ ಒಳಗೆ ಹೋಗುವ ಬೆಂಕಿ. ಬೆಟ್ಟದ ಕುರುಚಲೂ ಒಣಹುಲ್ಲೂ ಒಂದು ಕಿಡಿಗಾಗಿ ಕಾದಿರುವ ಕಾಲವದು. 2025ರ ಫೆಬ್ರವರಿಯಲ್ಲಿ ಬೆಟ್ಟಕ್ಕೆ ಬೆಂಕಿ ಬಿದ್ದದ್ದನ್ನು ಊರೆಲ್ಲ ಕಂಡಿತು.

ಅಂದು ರಾಯರು ಒಪ್ಪಲಿಲ್ಲ. ಮಾರನೆಯ ದಿನ ಅಮ್ಮನನ್ನು ನೋಡಿಕೊಂಡು ಹೋದವರು ಮಾತಿಲ್ಲದೆ ತಮ್ಮ ಹಿತ್ತಲಲ್ಲಿ ಮೂರಡಿ ಗುಂಡಿ ತೋಡಿಸಿದರು. ದಂಡ ಹಾಕುವುದು ಸುಲಭ, ಸ್ವಾಮಿ. ಎಲೆ ಎಲ್ಲಿಗೆ ಹೋಗಬೇಕು? ಬೆಳಗಿನ ಕಸದ ಗಾಡಿಯವನು ಎಲೆಯ ಮೂಟೆ ಕಂಡರೆ ಗಂಟೆ ಬಾರಿಸುತ್ತ ಮುಂದೆ ಹೋಗುತ್ತಾನೆ. ಒಂದು ವರಸೆ ಎಲೆ, ಮೇಲೆ ಸಗಣಿನೀರು, ಒಂದು ಬಾಂಡಲಿ ಮಣ್ಣು: ಹೀಗೆ ಹಾಕಿಸಿದವಳು ಬೇಸಾಯದ ಮನೆಯಲ್ಲಿ ಹುಟ್ಟಿದ ಅಮ್ಮನೇ. ಹೊಂಗೆಯ ಎಲೆ ಗದ್ದೆಗೆ ಗೊಬ್ಬರವಾಗುತ್ತಿದ್ದುದನ್ನು ಅವಳು ಮರೆತಿಲ್ಲ. ಬಾದಾಮಿ ಎಲೆ ಮಾತ್ರ ಚಕ್ಕಳದ ಹಾಗೆ, ತಿಂಗಳಾದರೂ ಜಗ್ಗಿಲ್ಲ.

ಗುಂಡಿ ತುಂಬಿಬಂದಿದೆ, ಮರ ಇನ್ನೂ ಉದುರಿಸುತ್ತಿದೆ. ರಾಯರು ದಿನವೂ ಸಂಜೆ ಹೋಗಿ ಇಣುಕಿ ನೋಡುತ್ತಾರೆ. ಬೆಂಕಿಪೊಟ್ಟಣ ಇನ್ನೂ ಅವರ ಜೇಬಿನಲ್ಲೇ ಇದೆ.